ಸೀಮಾಳ ಖುರಾಕು

"ಕುಡದೇನ ಯವ್ವಾ?"

ಅಂಗಳದಿಂದ ಅಪ್ಪ ಕೂಗಿದಾಗ ಸೀಮಾ ಬಚ್ಚಲ ಹಿಂದಿನ ಬಾಳೆಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ಲೋಟದಲ್ಲಿದ್ದ ಕಂದುಬಣ್ಣದ ಹಾಲು ಆಗಲೇ ಮಣ್ಣಿಗೆ ಇಳಿದಿತ್ತು. ತಳದಲ್ಲಿ ಉಳಿದ ನೊರೆಯನ್ನು ಬೆರಳಿನಿಂದ ತೆಗೆದು ಮೇಲ್ದುಟಿಗೆ ಸವರಿಕೊಂಡು, "ಕುಡದ್ನಿ ಅಪ್ಪಾ" ಎನ್ನುತ್ತ ಮುಂದೆ ಬಂದಳು.

ವಿರುಪಾಕ್ಷಪ್ಪ ಮಗಳ ಮೀಸೆಯಂಥ ನೊರೆ ನೋಡಿ ಖುಷಿಯಿಂದ ತೊಡೆ ತಟ್ಟಿದ. "ಇವತ್ತ ಎರಡ ಚಮಚಾ ಜಾಸ್ತಿ ಹಾಕೇನಿ. ನಿಪ್ಪಾಣಿ ಮೈದಾನದಾಗ ಆ ಕೊಲ್ಲಾಪುರದ ಹುಡುಗಿ ಆಕಾಶ ನೋಡಬೇಕ ನೋಡು!"

ಪಿಕಪ್ ಗಾಡಿ ಹಾರ್ನ್ ಹೊಡೆಯಿತು. ಐಗಳಿಯಿಂದ ನಿಪ್ಪಾಣಿಗೆ ಹಾದಿ ದೂರ. ನಾಮದೇವ ವಸ್ತಾದರು ಮುಂದಿನ ಸೀಟಿನಲ್ಲಿ ಕೂತಾಗಿತ್ತು. ಊರಿನ ಗರಡಿಯಲ್ಲಿ ಸೀಮಾಳಿಗೆ ಚಿಕ್ಕಂದಿನಿಂದ ಕುಸ್ತಿ ಕಲಿಸಿದವರು ಅವರೇ. ಹಿಂದೆ ತರುಣರ ಗುಂಪು, ಒಬ್ಬನ ಕೊರಳಲ್ಲಿ ಬಡಿಯುವ ಹಲಗೆ. ಅವ್ವ ದ್ರೌಪದಿ ಬಾಗಿಲಲ್ಲಿ ನಿಂತು ಮಗಳ ಹಣೆಗೆ ಭಂಡಾರ ಹಚ್ಚಿ, ಕಿವಿಯ ಹತ್ತಿರ ಬಾಗಿ ಕೇಳಿದಳು: "ಎದಿ ಹೆಂಗೈತಿ?"

"ಆರಾಮ ಐತಿ ಬೇ."

ಅದು ಅವ್ವ-ಮಗಳ ನಡುವಿನ ಮಾತು. ಅಪ್ಪನಿಗೆ ಗೊತ್ತಿರಲಿಲ್ಲ.

ವಿರುಪಾಕ್ಷಪ್ಪ ಹರೆಯದಲ್ಲಿ ತಾನೇ ಪೈಲ್ವಾನ. ಕಾಗವಾಡದ ಮೈದಾನದಲ್ಲಿ ಒಮ್ಮೆ ಮಿರಜ ಕಡೆಯ ಒಬ್ಬ ಸಾಹುಕಾರರ ಹುಡುಗನ ಜೊತೆ ಬಹಳ ಹೊತ್ತು ಹಿಡಿದು, ಕೊನೆಗೆ ದಮ್ಮು ಸಾಲದೆ ಚಿತ್ ಆಗಿದ್ದ. ಆಮೇಲೆ ದ್ರಾಕ್ಷಿ ತೋಟ ಹಿಡಿದ, ತೋಟವೂ ಅವನ ಕೈ ಹಿಡಿಯಿತು. ಆದರೆ ಆ ಸೋಲಿನ ಮಾತು ಬಂದಾಗಲೆಲ್ಲ ಅವನದು ಒಂದೇ ಲೆಕ್ಕ: "ಪಟ್ಟು ನನ್ನ ಕಡೆ ಇತ್ತು, ಖುರಾಕು ಅವನ ಕಡೆ ಇತ್ತು. ಅಂವಾ ಬದಾಮಿ ತಿಂದಾಂವ, ನಾ ಬುತ್ತಿ ರೊಟ್ಟಿ ತಿಂದಾಂವ." ಮಗಳು ಗರಡಿಯ ಮೆಟ್ಟಿಲು ಹತ್ತಿದ ದಿನವೇ ಅವಳ ಖುರಾಕಿಗೆ ಏನೂ ಕಮ್ಮಿ ಆಗಬಾರದು ಎಂದು ತೀರ್ಮಾನಿಸಿಬಿಟ್ಟಿದ್ದ. ಹಾಲು, ತುಪ್ಪ, ಬದಾಮಿ, ತೋಟದ್ದೇ ಒಣದ್ರಾಕ್ಷಿ. ಇಷ್ಟೆಲ್ಲ ಇರುವಾಗ ದೀಪಾವಳಿ ಕಳೆದ ಮೇಲೆ ಚೂರ್ಣ ಮಾರುವ, ಮರಾಠಿ ಬೆರೆಸಿ ಮಾತಾಡುವ ನಿಪ್ಪಾಣಿಯ ಬಾಬಾಸಾಹೇಬ ಮನೆಗೆ ಬಂದ, ಸಿಂಹದ ಚಿತ್ರವಿದ್ದ ಡಬ್ಬಿ ಹಿಡಿದುಕೊಂಡು.

"ಹೇ ಬಘಾ ವಿರುಪಾಕ್ಷಣ್ಣಾ, ಮಲ್ಲಗಜ ಚೂರ್ಣ. ಕೆಮಿಕಲ್ ಅಂದ್ರ ಒಂದ ಕಣ ಇಲ್ಲ. ಎಲ್ಲಾ ನೈಸರ್ಗಿಕ. ನೂರಾ ಒಂದ ಬೇರು ಕುಟ್ಟಿ ಮಾಡೇದ. ಪೋರಿ ಆನಿ ಆಗ್ತಾಳ, ಆನಿ!"

ಆನೆ ಆಗದಿದ್ದರೂ ಏನೋ ಆದದ್ದಂತೂ ಖರೆ. ಚೂರ್ಣ ಹಾಕಿದ ಹಾಲು ಕುಡಿಯತೊಡಗಿದ ಮೇಲೆ ಸೀಮಾಳಿಗೆ ಕೋಳಿ ಕೂಗುವ ಮುಂಚೆಯೇ ಎಚ್ಚರ. ದಂಡ ಹೊಡೆದಷ್ಟೂ ಇನ್ನೂ ಹೊಡೆಯಬೇಕೆನ್ನಿಸುತ್ತಿತ್ತು. ಮೈಯೆಲ್ಲ ಕಾದ ಹಂಚು. ಗರಡಿಯಲ್ಲಿ ತನಗಿಂತ ತೂಕದ ಹುಡುಗರನ್ನು ಎತ್ತಿ ಎತ್ತಿ ಹಾಕಿದಳು. ವಿರುಪಾಕ್ಷಪ್ಪ ತೋಟಕ್ಕೆ ಬಂದವರ ಮುಂದೆಲ್ಲ ಮಗಳ ತೋಳು ತೋರಿಸುವವನೇ. ಅದೇ ದಿನಗಳಲ್ಲಿ ವಸ್ತಾದರೂ ಅವಳ ಬೈಠಕು ದುಪ್ಪಟ್ಟು ಮಾಡಿದ್ದರು, ಹಗ್ಗ ಹತ್ತಿಸುತ್ತಿದ್ದರು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಒಂದು ಮಧ್ಯಾಹ್ನ ಹಗ್ಗದ ಅರ್ಧಕ್ಕೆ ಏರಿದವಳು ಅಲ್ಲೇ ಜೋತುಬಿದ್ದು ನಿಂತಳು. ಎದೆ ಒಳಗಿನಿಂದ ಗುದ್ದುತ್ತಿತ್ತು. ಆ ಸದ್ದು ಅವಳ ಕಿವಿಗೇ ಕೇಳುತ್ತಿತ್ತು. ಆಮೇಲೆ ಅದು ದಿನದ ಮಾತಾಯಿತು. ಅನ್ನದ ತಟ್ಟೆ ಹಿಡಿದರೆ ಬೆರಳು ನಡುಗುತ್ತಿದ್ದವು. ನಿದ್ದೆ ಹತ್ತಿರ ಸುಳಿಯಲಿಲ್ಲ. ದ್ರೌಪದಿ ಬಟ್ಟೆ ತರುವ ನೆಪ ಹೇಳಿ ಮಗಳನ್ನು ಅಥಣಿಗೆ ಕರೆದುಕೊಂಡು ಹೋದಳು, ಚೀಲದಲ್ಲಿ ಡಬ್ಬಿ ಇಟ್ಟುಕೊಂಡು. ಡಾಕ್ಟರಮ್ಮ ಸೀಮಾಳ ಎದೆಗೆ ನಳಿಗೆ ಇಟ್ಟು ಕೇಳಿ, ನಾಡಿ ಹಿಡಿದು ನೋಡಿ, ಆಮೇಲೆ ಡಬ್ಬಿಯನ್ನು ಸುತ್ತಲೂ ತಿರುಗಿಸಿ ನೋಡಿದರು.

"ನೂರಾ ಒಂದ ಬೇರು ಅಂತ ಬರದಾರ. ಯಾವ ಬೇರು? ಎಷ್ಟೆಷ್ಟು? ಒಂದೂ ಬರದಿಲ್ಲಲ್ಲ. ಇದರಾಗ ಏನೈತಿ ಅಂತ ಗೊತ್ತಿಲ್ಲದ ನಾ ಚಲೋ ಅನ್ಲಿ, ಕೆಟ್ಟ ಅನ್ಲಿ? ಮದಲ ಬಿಡು. ಬಿಟ್ಟ ಮ್ಯಾಲ ಎದಿ ಹೆಂಗಿರತೈತಿ ಅಂತ ಬಂದ ಹೇಳು."

ಬಿಟ್ಟಳು. ಎದೆ ತಾನಾಗಿ ಸುಮ್ಮನಾಯಿತು, ನಿದ್ದೆ ಮರಳಿ ಬಂತು. ಆದರೆ ನಿದ್ದೆಯ ಜೊತೆಗೇ ಒಂದು ಹೆದರಿಕೆಯೂ ಬಂತು. ಚೂರ್ಣ ಬಿಟ್ಟರೆ ಶಕ್ತಿಯೂ ಹೋಗುತ್ತದೆಯೋ? ಒಂದು ದಿನ ಗದೆ ಎತ್ತುವಾಗ ತೋಳು ಸೋತಂತೆ ಅನ್ನಿಸುತ್ತಿತ್ತು, ಮರುದಿನ ಅದೇ ಗದೆ ಹೂವು. ಯಾವುದು ತನ್ನ ಶಕ್ತಿ, ಯಾವುದು ಡಬ್ಬಿಯದು ಎಂದು ತಿಳಿಯಲು ದಾರಿಯೇ ಇರಲಿಲ್ಲ. ಅಪ್ಪನಿಗೆ ಹೇಳಬೇಕೆಂದು ಎಷ್ಟೋ ಸಲ ಬಾಯಿಯ ತನಕ ಬಂದದ್ದುಂಟು. ಆದರೆ ಅವನು ಹಾಲಿನಲ್ಲಿ ಚೂರ್ಣ ಕಲಸುತ್ತ, ಗಂಟು ಉಳಿಯಬಾರದೆಂದು ಚಮಚದಿಂದ ಮತ್ತೆ ಮತ್ತೆ ಒತ್ತುತ್ತಿದ್ದ ರೀತಿ ನೋಡಿದರೆ ಮಾತು ಅಲ್ಲೇ ನಿಲ್ಲುತ್ತಿತ್ತು. ಬಾಳೆಗಿಡವೇ ವಾಸಿ ಅನ್ನಿಸಿತು. ಅದಕ್ಕೆ ಇರುವೆ ಮುತ್ತಿದ್ದು ನೋಡಿ ಅಪ್ಪ ಬೂದಿ ಬೇರೆ ಹಾಕಿ ಬಂದಿದ್ದ.

ನಿಪ್ಪಾಣಿಯ ಮೈದಾನ ತಲುಪುವ ಹೊತ್ತಿಗೆ ಬಿಸಿಲು ವಾಲಿತ್ತು. ಎಣ್ಣೆ, ಅರಿಸಿನ, ಮಜ್ಜಿಗೆ ಹಾಕಿ ಹದ ಮಾಡಿದ ಕೆಂಪು ಮಣ್ಣಿನ ವಾಸನೆ ದೂರಕ್ಕೇ ಹೊಡೆಯಿತು. ಸುತ್ತ ಜನ, ಮರದ ಮೇಲೂ ಜನ, ಟ್ರ್ಯಾಕ್ಟರ್ ಟ್ರಾಲಿಗಳ ಮೇಲೆ ಹೆಂಗಸರು. ತುತ್ತೂರಿ ಊದಿದಾಗ ಸೀಮಾಳ ಮೈಯ ರೋಮವೆಲ್ಲ ಎದ್ದು ನಿಂತಿತು. ಎಲ್ಲಿ ನೋಡಿದರೂ ಮಲ್ಲಗಜ ಚೂರ್ಣದ ಬ್ಯಾನರು. ಹೆಣ್ಣುಮಕ್ಕಳ ದೊಡ್ಡ ಕುಸ್ತಿಗೆ ಬೆಳ್ಳಿ ಗದೆ ಇಟ್ಟವನು ಬಾಬಾಸಾಹೇಬನೇ. ಅವನ ಅಂಗಡಿ ವೇದಿಕೆಗೆ ಹತ್ತಿಕೊಂಡೇ ಇತ್ತು.

"ಐಗಳೀಚಿ ಸೀಮಾ! ಕೊಲ್ಹಾಪುರಚಿ ಮಯೂರಿ! ನಿಕಾಲಿ ಕುಸ್ತಿ ರೀ ಮಂದಿ, ಒಬ್ಬರ ಬೆನ್ನಿಗೆ ಮಣ್ಣ ಹತ್ತೂ ಮಟಾ ಬಿಡೂದಿಲ್ಲ!" ಮೈಕಿನವನ ಗಂಟಲು ಆಗಲೇ ಒಡೆದಿತ್ತು.

ಮಯೂರಿ ಸೀಮಾಳಿಗಿಂತ ಎತ್ತರ, ತೋಳು ಉದ್ದ. ಇಬ್ಬರೂ ಮಣ್ಣು ಮುಟ್ಟಿ ಹಣೆಗೊತ್ತಿಕೊಂಡರು. ಕೈ ಕೊಟ್ಟದ್ದೇ ತಡ, ಮಯೂರಿ ಕಾಲಿಗೆ ಬಿದ್ದಳು. ಸೀಮಾ ಹಿಂದಕ್ಕೆ ಜಿಗಿದು ತಪ್ಪಿಸಿಕೊಂಡಳು. ಕೊರಳಿಗೆ ಕೊರಳು, ಹಣೆಗೆ ಹಣೆ. ತಳ್ಳುತ್ತ, ಜಗ್ಗುತ್ತ ಇಬ್ಬರೂ ಕಣದ ತುಂಬ ಸುತ್ತಿದರು. ಹಲಗೆಯ ಬಡಿತ ಬಿರುಸಾಯಿತು. "ಸೀಮಾ, ಮಣಕಟ್ಟ ಹಿಡಿ, ಮಣಕಟ್ಟ!" ಎಂದು ವಸ್ತಾದರು ಕೂಗುತ್ತಿದ್ದರು. ಅಷ್ಟರಲ್ಲಿ ಮಯೂರಿ ಸೊಂಟಕ್ಕೆ ಕೈ ಹಾಕಿ ಅವಳನ್ನು ಮಣ್ಣಿಗೆ ಕೆಡವಿ ಬೆನ್ನ ಮೇಲೆ ಕೂತೇಬಿಟ್ಟಳು.

ಮೂಗಿನಲ್ಲಿ ಮಣ್ಣು, ಬಾಯಲ್ಲಿ ಮಣ್ಣು. ಕತ್ತಿನ ಮೇಲೆ ಮಯೂರಿಯ ಮೊಣಕೈ ಬಂಡೆಯಂತೆ ಒತ್ತುತ್ತಿತ್ತು. ಮುಗೀತು ಅಂದುಕೊಂಡಳು ಸೀಮಾ. ಅದನ್ನು ಕುಡಿದಿದ್ದರೆ ಹೀಗಾಗುತ್ತಿರಲಿಲ್ಲವೇನೋ, ಎರಡು ಚಮಚ ಜಾಸ್ತಿ ಬೇರೆ ಹಾಕಿದ್ದ ಅಪ್ಪ. ಮಯೂರಿ ಅವಳನ್ನು ಮಗುಚಲು ಜಗ್ಗಿದಳು, ಮತ್ತೆ ಜಗ್ಗಿದಳು. ಸೀಮಾ ಹೊಟ್ಟೆಯ ಮೇಲೆ ಹಲ್ಲಿಯಂತೆ ಅಂಟಿಕೊಂಡಳು. ಹಾಗೆ ಬಿದ್ದಿರುವಾಗಲೇ ಒಂದು ಸಂಗತಿ ಅವಳ ಅರಿವಿಗೆ ಬಂತು. ಮೇಲಿದ್ದವಳ ಉಸಿರು ಕಮ್ಮಾರನ ತಿದಿಯಂತೆ ಏರಿಳಿಯುತ್ತಿತ್ತು. ತನ್ನದು ಹಾಗಿರಲಿಲ್ಲ. ಎದೆ ಬಡಿಯುತ್ತಿತ್ತು ನಿಜ, ಆದರೆ ಅದು ಓಡಿ ಬಂದ ಎದೆ ಬಡಿಯುವ ಹಾಗೆ, ತಾಳ ಬಿಡದೆ.

ಇನ್ನಷ್ಟು ಹೊತ್ತು ತಡೆಯಬಲ್ಲೆ ಅನ್ನಿಸಿತು. ತಡೆದಳು. ಮಯೂರಿಯ ಹಿಡಿತ ಕೂದಲೆಳೆಯಷ್ಟು ಸಡಿಲಾದದ್ದೇ ಮೊಣಕಾಲೂರಿ ಎದ್ದು ತಿರುಗಿದಳು. ಜನ ಹೋ ಎಂದು ಎದ್ದು ನಿಂತರು. ಮತ್ತೆ ಕೊರಳಿಗೆ ಕೊರಳು. ಒಂದು ಕ್ಷಣ ಸೀಮಾಳ ಎಡಗಾಲು ಜಾರಿತು, ಸೊಂಟ ಮಯೂರಿಯ ಹೊಟ್ಟೆಯ ಕೆಳಗೆ ಹೋಯಿತು, ಕೈ ತಾನಾಗಿ ಅವಳ ಕತ್ತನ್ನು ಬಳಸಿತು. ಢಾಕ ಪಟ್ಟು! ಆ ಎತ್ತರದ ಹುಡುಗಿ ಸೀಮಾಳ ಬೆನ್ನ ಮೇಲಿಂದ ಗಾಳಿಯಲ್ಲಿ ತಿರುಗಿ, ದಪ್ಪೆಂದು ಅಂಗಾತ ಬಿದ್ದಳು.

ಆಮೇಲೆ ಏನಾಯಿತೆಂಬುದು ಸೀಮಾಳಿಗೆ ಸರಿಯಾಗಿ ತಿಳಿಯಲಿಲ್ಲ. ಐಗಳಿಯ ಹುಡುಗರು ಅವಳನ್ನು ಹೆಗಲ ಮೇಲೆ ಹೊತ್ತು ಕುಣಿದರು. ಗುಲಾಲು ಹಾರಿತು. ವಸ್ತಾದರು ಅಳುತ್ತಿದ್ದರೋ ನಗುತ್ತಿದ್ದರೋ. ಅಪ್ಪ ಮಾತ್ರ ಮುಂದಿನ ಸಾಲಿನಲ್ಲಿ ನಿಂತು ಸಿಕ್ಕಸಿಕ್ಕವರ ಭುಜ ಹಿಡಿದು ಅಲ್ಲಾಡಿಸುತ್ತಿದ್ದ. "ಖುರಾಕು ರೀ! ಖುರಾಕು! ನಾ ಹೇಳ್ತಿದ್ದೆ ಇಲ್ಲ?"

ವೇದಿಕೆಯ ಮೇಲೆ ಅವಳ ಮಣ್ಣುಗೂದಲಿಗೆ ಫೇಟಾ ಸುತ್ತಿದರು. ಬಾಬಾಸಾಹೇಬ ಬೆಳ್ಳಿ ಗದೆಯನ್ನು ಅವಳ ಒಂದು ಕೈಗೆ ಕೊಟ್ಟು, ಇನ್ನೊಂದು ಕೈಗೆ ಸಿಂಹದ ಡಬ್ಬಿ ಕೊಟ್ಟ. "ಮಂದೀ, ಹೀ ಆಮಚೀ ಮಲ್ಲಗಜ ಪೋರಿ! ಇನ್ನ ಮ್ಯಾಲ ಡಬ್ಬಿ ಮ್ಯಾಲ ಸಿಂಹ ಇರೂದಿಲ್ಲ, ಈಕಿ ಫೋಟೋ ಇರತೈತಿ. ಸಾಂಗ್ ಬಾಳಾ, ಹೇಳು, ನಿನ್ನ ಶಕ್ತೀದ ಗುಟ್ಟ ಏನು?"

ಮೈಕು ಬಾಯಿಯ ಹತ್ತಿರ ಬಂತು. ಸೀಮಾ ಅಪ್ಪನ ಕಡೆ ನೋಡಿದಳು. ಮುಖ ಅರಳಿಸಿಕೊಂಡು ನಿಂತಿದ್ದ. ಅಲ್ಲಿಂದ ಕಣ್ಣು ತೆಗೆದು ಪಕ್ಕಕ್ಕೆ ನೋಡಿದರೆ ಅಂಗಡಿಯ ಮುಂದೆ ಮಯೂರಿ. ಬೆನ್ನಿನ ಮಣ್ಣನ್ನು ಇನ್ನೂ ಕೊಡವಿಕೊಂಡಿರಲಿಲ್ಲ, ಕಣ್ಣೀರು ಕೆನ್ನೆಯ ಕೆಂಪು ಮಣ್ಣಿನಲ್ಲಿ ಗೆರೆ ಎಳೆದಿತ್ತು. ಅವಳ ತಾಯಿ ಎರಡೂ ಕೈಯಲ್ಲಿ ಡಬ್ಬಿ ಹಿಡಿದು ಚೀಲಕ್ಕೆ ತುಂಬಿಕೊಳ್ಳುತ್ತಿದ್ದಳು.

"ನಾ ಇದನ್ನ ಕುಡಿಯೂದ ಬಿಟ್ಟೇನ್ರಿ" ಅಂದಳು ಸೀಮಾ.

ಬಾಬಾಸಾಹೇಬ ನಕ್ಕ. "ಕಾಯ್? ಏನಂದಿ?"

"ಬಿಟ್ಟೇನ್ರಿ. ಬಾಳ ದಿನಾ ಆತು. ನಮ್ಮಪ್ಪ ಕಲಸಿ ಕೊಡ್ತಿದ್ದ, ನಾ ಒಯ್ದ ಬಚ್ಚಲದ ಬಾಳಿಗಿಡಕ್ಕ ಹಾಕ್ತಿದ್ದೆ."

ಮರದ ಮೇಲಿದ್ದವನೊಬ್ಬ ಕೂಗಿದ: "ಹಂಗಾದ್ರ ಮುಂದಿನ ಕುಸ್ತಿ ಬಾಳಿಗಿಡದ್ದ ಇಡ್ರಿ!" ಮೈದಾನವೇ ಬಿದ್ದು ಬಿದ್ದು ನಕ್ಕಿತು. ಬಾಬಾಸಾಹೇಬ ಅಷ್ಟಕ್ಕೆ ಸೋಲುವವನಲ್ಲ. ಮೈಕು ಕಿತ್ತುಕೊಂಡು, "ಅರೇ, ಮದಲ ಕುಡದಾಳಲ್ಲ! ಅದರ ಅಸರ ಇನ್ನೂ ಮೈಯಾಗ ಐತಿ! ಅದನ್ನ ಕೇಳ್ರಿ!" ಎಂದ.

ಸೀಮಾ ತಾನೇ ಮೈಕಿನ ಕಡೆ ಬಾಗಿದಳು. "ಇರಬಹುದ್ರಿ. ಇಲ್ಲ ಅಂತ ನಾ ಹೆಂಗ ಹೇಳ್ಲಿ? ನನಗ ಗೊತ್ತಿಲ್ಲ. ಆದ್ರ ಕುಡಿಯೂವಾಗ ಎದಿ ಹೊಡಕೋತಿತ್ತು, ಕೈ ನಡಗತಿದ್ದು. ಬಿಟ್ಟ ಮ್ಯಾಲ ನಿಂತೈತಿ. ನನಗ ಗೊತ್ತಿದ್ದದ್ದು ಇಷ್ಟ."

ಮಯೂರಿ ತಲೆ ಎತ್ತಿ ಅವಳನ್ನೇ ನೋಡುತ್ತಿದ್ದಳು. ತಾಯಿ ಚೀಲಕ್ಕೆ ಹಾಕಿದ್ದ ಡಬ್ಬಿಯನ್ನು ತೆಗೆದು, ಸುತ್ತಲೂ ತಿರುಗಿಸಿ, ಏನೋ ಬರೆದಿದೆಯೇ ಎಂದು ಹುಡುಕತೊಡಗಿದಳು.

ಸೀಮಾ ಅಪ್ಪ ನಿಂತಿದ್ದ ಜಾಗಕ್ಕೆ ನೋಡಿದಾಗ ಅಲ್ಲಿ ಅವನಿರಲಿಲ್ಲ.

ಜನ ಕರಗಿದ ಮೇಲೆ ಮೈದಾನದ ಹಿಂದಿನ ನಳದ ಹತ್ತಿರ ಸಿಕ್ಕ. ಬಕೆಟ್ಟು ತುಂಬಿ ಹರಿಯುತ್ತಿತ್ತು, ಅವನು ನಳ ಬಂದ್ ಮಾಡುವುದನ್ನು ಮರೆತು ನಿಂತಿದ್ದ. ಮಗಳನ್ನು ನೋಡಿ, "ಬಾ, ಕಿವಿ ತೋರ್ಸು" ಅಂದ. ಟಾವೆಲ್ಲಿನ ತುದಿ ಒದ್ದೆ ಮಾಡಿ ಕಿವಿಯೊಳಗಿನ ಮಣ್ಣು ತೆಗೆಯತೊಡಗಿದ.

"ಯಾವಾಗಿಂದ?"

"ಅವ್ವನ ಕೂಡ ಅಥಣಿಗೆ ಹೋಗಿದ್ನೆಲ್ಲ, ಆವಾಗಿಂದ. ಡಾಕ್ಟರ ಕಡೆ ಹೋಗಿದ್ವಿ."

"ಎದಿ ಹೊಡಕೋತೈತಿ ಅಂತ ನನಗ ಯಾಕ ಹೇಳಲಿಲ್ಲ ಬೇ?"

"ನೀ ಲೋಟಾ ಹಿಡಕೊಂಡ ನಿಂತಿರತಿದ್ದಿ ಅಪ್ಪಾ."

ಟಾವೆಲ್ಲನ್ನು ಹಿಂಡಿದ, ಮತ್ತೆ ಹಿಂಡಿದ, ನೀರು ಉಳಿದಿರಲಿಲ್ಲ. ಮಗಳ ಎದೆಯ ಮೇಲೆ, ಕೊರಳಿನ ಕೆಳಗೆ, ಅಂಗೈ ಇಟ್ಟು ಬಡಿತ ನೋಡಿದ. ಆಮೇಲೆ ಕೈ ತೆಗೆದು ಮೂಗು ಒರೆಸಿಕೊಂಡ.

"ಇರುವಿ... ಅದಕ್ಕನ ಮುತ್ತಿದ್ದು ಬಾಳಿಗಿಡಕ್ಕ?"

"ಹೂಂ."

"ನಾ ಹುಚ್ಚನಂಗ ಬೂದಿ ಹಾಕೇನಿ!" ಹೊಟ್ಟೆಯಿಂದ ಎದ್ದ ನಗೆ ತಡೆಯಲಾರದೆ ಅವನು ನಳದ ಕಟ್ಟೆಯ ಮೇಲೆ ಕೂತುಬಿಟ್ಟ. ಸೀಮಾಳೂ ನಕ್ಕಳು, ಫೇಟಾ ಜಾರಿ ಕಣ್ಣಿಗೆ ಬರುವಷ್ಟು.

"ಆ ಢಾಕ ಎಲ್ಲಿ ಕಲತಿ? ನಾ ಕಲಿಸಿದ್ದಲ್ಲ ಅದು."

"ವಸ್ತಾದರೂ ಕಲಿಸಿಲ್ಲ. ಕಾಲ ಜಾರತ ಅಪ್ಪಾ. ಜಾರಿದ್ದಕ್ಕ ಹಂಗ ಆತು."

"ಕಾಲ ಜಾರಿ ಯಾರರೆ ಢಾಕ ಹೊಡಿತಾರೇನು? ತೋರ್ಸು ನೋಡೂಣು."

ಕಣದಲ್ಲಿ ಆಳುಗಳು ದೀಪದ ವೈರು ಸುತ್ತುತ್ತಿದ್ದರು. ಸಂಜೆಯ ಬಿಸಿಲು ಉಳಿದ ಬ್ಯಾನರುಗಳ ಮೇಲಿಂದ ಇಳಿದು ಕೆದರಿದ ಮಣ್ಣಿನ ಮೇಲೆ ಉದ್ದಕ್ಕೆ ಬಿದ್ದಿತ್ತು. ವಿರುಪಾಕ್ಷಪ್ಪ ಅಂಚಿನಲ್ಲಿ ಚಪ್ಪಲಿ ಬಿಟ್ಟ. ಧೋತರ ಮೇಲೆತ್ತಿ ಕಟ್ಟಿದ. ಬಾಗಿ ಒಂದು ಚಿಟಿಕೆ ಮಣ್ಣು ಹಣೆಗೆ ಹಚ್ಚಿಕೊಂಡು, ಕಾಲು ಅಗಲಿಸಿ ನಿಂತು, ಮಗಳ ಕಡೆಗೆ ಎರಡೂ ಕೈ ಚಾಚಿದ.