ನಾನೂರು ಗ್ರಾಂ

ಆ ಅಂಕಲ್‌ನ ಗಂಟಲು ಗುಟುಕ್ ಗುಟುಕ್ ಅನ್ನುತ್ತಿದೆ, ಬೆಂಚಿನ ಮೇಲೆ ಕೂತು ಬಾಟ್ಲಿ ಎತ್ತಿ ಕುಡಿಯುತ್ತಿದ್ದಾರೆ, ಗಲ್ಲದಿಂದ ಸುರಿದು ಬನಿಯನ್ನೆಲ್ಲ ಒದ್ದೆ, ಅಷ್ಟು ನೀರು ದಂಡ, ಕಿತ್ತುಕೊಂಡು ಪುಟ್ಟೇನಹಳ್ಳಿ ಕೆರೆಗೆ ಎಸೆಯುವಷ್ಟು ಸಿಟ್ಟು ಶಾಲಿನಿಗೆ — ಪಾಪ, ಅವರೇನು ಮಾಡಿದರು, ಆದರೂ ಸಿಟ್ಟು — ಕೆರೆ ಸುತ್ತ ಓಡುವುದು ಇದು ಆರನೇ ಸುತ್ತು, ಮೈಮೇಲೆ ಎರಡು ಜರ್ಕಿನ್, ಒಳಗೆ ಪ್ಲಾಸ್ಟಿಕ್ ಕವರು, ನಿನ್ನೆ ಮಧ್ಯಾಹ್ನದಿಂದ ಒಂದು ಹನಿ ಗಂಟಲಿಗಿಳಿದಿಲ್ಲ, ಒಂಬತ್ತಕ್ಕೆ ತೂಕ, ನಲವತ್ತೆಂಟು ಕೇಜಿ ಮೀರಿದರೆ ಯೂನಿವರ್ಸಿಟಿ ಜೂಡೋ ಟೀಮಿಗೆ ಆಯ್ಕೆಯೇ ಇಲ್ಲ, ಇದು ಕೊನೇ ವರ್ಷ ಬೇರೆ, ಇನ್ನೂ ನಾನೂರು ಗ್ರಾಂ ಇಳಿಯಬೇಕು, ಬೆವರೋ ಬರುತ್ತಿಲ್ಲ, ಬರಲು ಒಳಗೆ ಏನಾದರೂ ಇದ್ದರೆ ತಾನೆ. ಇಷ್ಟು ಸೆಕೇಲಿ ಜರ್ಕಿನ್ ಯಾಕಮ್ಮಾ, ಅಂಕಲ್ ಕೇಳುತ್ತಾರೆ, ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿದೆ, ಹೋಗಿ ನಮ್ಮ ಕೋಚ್‌ನ ಕೇಳಿ ಅಂಕಲ್. ನೀರಂದ್ರೆ ಭಾರ ಕಣ್ರಮ್ಮಾ, ತೂಕ ಆದ್ಮೇಲೆ ಬಕೆಟ್‌ಗಟ್ಲೆ ಕುಡೀರಿ — ಮೂರು ವರ್ಷದಿಂದ ರವಿಕುಮಾರ್ ಸರ್ ಹೇಳಿದ್ದೇ ಹೇಳಿದ್ದು, ಅದೇ ಬಾಯಲ್ಲಿ, ಕಳೆದ ತಿಂಗಳು ಆಟಗಾರರ ಆರೋಗ್ಯದ ಸರ್ವೆ ಅಂತ ಒಬ್ಬರು ಮೇಡಂ ಬಂದಾಗ, ದಿನಕ್ಕೆ ಎಷ್ಟು ಲೀಟರ್ ನೀರು ಅನ್ನೋ ಕಡೆ ಎಲ್ಲಾ ಮೂರು ಅಂತ ಬರೀರಿ, ಕಾಲೇಜಿನ ಮರ್ಯಾದೆ ಅಂದರು, ಎಲ್ಲರೂ ಮೂರು ಬರೆದರು, ಶಾಲಿನಿಯೂ ಬರೆದಳು, ಮೇಡಂ ವೆರಿ ಗುಡ್ ಅಂದು ಹೋದರು — ಥೂ, ನಾಚಿಕೆಗೆಟ್ಟ ಜನ — ಮೊನ್ನೆ ಇಂಚರ ಮ್ಯಾಟಿನ ಮೇಲೆ ದೊಪ್ಪನೆ ಬಿದ್ದಳು, ಫಸ್ಟ್ ಇಯರ್ ಹುಡುಗಿ, ಈಗ ಬನಶಂಕರಿಯ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದ್ದಾಳೆ, ನೀರಿಲ್ಲದೆ ಕಿಡ್ನಿಗೆ ಪೆಟ್ಟಾಗಿದೆಯಂತೆ, ಅವಳಮ್ಮ ಸುಧಾಮಣಿ ಆಂಟಿ ವಾರ್ಡಿನ ಬಾಗಿಲಲ್ಲಿ ನಿಂತು, ಸಾರ್, ನನ್ನ ಮಗಳಿಗೆ ನೀರು ಕುಡೀಬೇಡ ಅಂದಿದ್ದು ಯಾರು ಅಂತ ಕೇಳಿದರೆ, ಸರ್ ಕಣ್ಣು ಮಿಟುಕಿಸದೆ, ನಾನು ಒಂದಿನಾನೂ ಹಂಗೆ ಹೇಳಿಲ್ಲಮ್ಮ, ನಿಮ್ಮ ಹುಡುಗೀನೇ ಸರಿಯಾಗಿ ತಿಂಡಿ ತಿಂದಿರ್ಲಿಲ್ಲ. ಬಾಯಿಬಿಟ್ಟರೆ ಸುಳ್ಳು, ಪಕ್ಕದಲ್ಲೇ ನಿಂತಿದ್ದ ಶಾಲಿನಿ ಅಲ್ಲೇ ಮುಖಕ್ಕೆ ಹೊಡೆದ ಹಾಗೆ ಹೇಳಬೇಕಿತ್ತು, ಯಾಕೆ ಹೇಳಲಿಲ್ಲ, ಬಾಯಿ ಹೊಲಿದಿತ್ತಾ, ಟೀಮಿನಲ್ಲಿ ಹೆಸರು ಬರಬೇಕಿತ್ತಲ್ಲ, ಅದಕ್ಕೇ — ಬರೀ ಅದಕ್ಕಲ್ಲ — ಸರ್ ಇಂಚರಾಗೆ ಹೇಳಿರಲಿಲ್ಲ, ಹಾಳಾದ್ದು ಅದೊಂದು ಮಾತು ಮಾತ್ರ ನಿಜ, ಹೊಸಬರಿಗೆ ಸೀನಿಯರ್‌ಗಳೇ ಕಲಿಸುವುದು ಅವರ ಟೀಮಿನ ಪದ್ಧತಿ, ಶಾಲಿನಿಗೆ ಶ್ವೇತಕ್ಕ ಕಲಿಸಿದ್ದಳು, ಇಂಚರಾಗೆ ಶಾಲಿನಿ ಕಲಿಸಿದಳು, ಬಾಯ್ತುಂಬ ತಗೋ, ಮುಕ್ಕಳಿಸು, ಉಗಿ, ನುಂಗಿದ್ಯೋ ಕೆಟ್ಟೆ.

ಕಾಲು ತಾನಾಗಿ ನಿಂತಿದೆ, ಗೇಟಿನ ಪಕ್ಕ ನಲ್ಲಿ, ತಿರುಗಿಸಿದಳು, ಹೋಗಲಿ ಟೀಮು, ಹೋಗಲಿ ನಲವತ್ತೆಂಟು, ಆಂಟೀ ಅದು ನಾನು, ನಾನೇ ಹೇಳಿದ್ದು, ಬೊಗಸೆ ತುಂಬಿತು, ಬಾಯಿ ತುಂಬಿತು, ತಣ್ಣಗೆ, ಅಯ್ಯೋ ಎಷ್ಟು ತಣ್ಣಗೆ — ಆವತ್ತು ಬಟ್ಟೆ ಬದಲಿಸುವ ರೂಮಿನಲ್ಲಿ ಇಂಚರ ವಾಶ್‌ಬೇಸಿನ್ ಮುಂದೆ ನಿಂತಿದ್ದಳು, ಎರಡೂ ಕೆನ್ನೆ ಉಬ್ಬಿತ್ತು, ಬಾಯಿ ತೆರೆಯುವ ಹಾಗಿಲ್ಲ, ಕನ್ನಡಿಯಲ್ಲಿ ಕಣ್ಣಿನಲ್ಲೇ ಕೇಳಿದಳು, ಒಂದೇ ಒಂದು ಗುಟುಕು ಅಕ್ಕಾ, ಶಾಲಿನಿ ನಗುತ್ತಾ ತಲೆಯಾಡಿಸಿದಳು, ಊಹೂಂ — ಈಗ ಇವಳ ಬಾಯಲ್ಲೂ ನೀರು, ಗಂಟಲು ಇಳಿಸಿಕೊಳ್ಳುತ್ತಿಲ್ಲ, ಕನ್ನಡಿಯಲ್ಲಿ ಆ ಕಣ್ಣು, ಉಬ್ಬಿದ ಕೆನ್ನೆ, ಆ ಕಣ್ಣು, ನುಂಗ್ಲಾ ಅಕ್ಕಾ, ಉಬ್ಬಿದ ಕೆನ್ನೆ, ನುಂಗ್ಲಾ