ಅತ್ತೆ ತೊಳೆದ ಇಲಿಗೂಡು

ಇಲಿಗಳು ಹೇಗೆ ಕಚ್ಚಾಡುತ್ತವೆ ಎಂದು ನೋಡುವುದು ನನ್ನ ಕೆಲಸ. ಅದಕ್ಕೆ ಅಷ್ಟು ಓದಬೇಕಿತ್ತಾ, ನಮ್ಮ ಮನೆಯವರನ್ನೇ ನೋಡಿದ್ದರೆ ಸಾಕಿತ್ತಲ್ಲ ಎನ್ನುತ್ತಾನೆ ನನ್ನ ಗಂಡ.

ಅವತ್ತು ವಿಭಾಗದ ದೊಡ್ಡ ಮೇಡಂ ಬರುವವರಿದ್ದರು. ಒಂದೇ ಗೂಡಿನ ನಾಲ್ಕು ಅಣ್ಣತಮ್ಮ ಇಲಿಗಳು ತಮ್ಮತಮ್ಮಲ್ಲಿ ಜಗಳವಾಡದೆ, ಜಾಲರಿಯಾಚೆಯ ಹೊಲದಿಲಿಯ ಮೇಲೆ ಮಾತ್ರ ಹಲ್ಲು ಮಸೆಯುವುದನ್ನು ಅವರಿಗೆ ತೋರಿಸಬೇಕಿತ್ತು. ತೋರಿಸಿದರೆ ಇನ್ನೊಂದು ವರ್ಷ ಕೆಲಸ, ಇಲ್ಲದಿದ್ದರೆ ಮನೆಗೆ ನಡೆ.

ಅಷ್ಟರಲ್ಲಿ ಮನೆ ಕೀಲಿ ಮರೆತ ಅತ್ತೆ ಪ್ರಯೋಗಾಲಯಕ್ಕೇ ಬಂದರು. ಹೊರಗಿನವರಿಗೆ ಪ್ರವೇಶವಿಲ್ಲ ಎಂದು ಬಾಗಿಲ ಮೇಲೇ ಬರೆದಿದೆ. ಅದನ್ನು ಅತ್ತೆಗೆ ಓದಿ ಹೇಳುವ ಧೈರ್ಯ ನನಗಿಲ್ಲ. ಸ್ಟೂಲಿನ ಮೇಲೆ ಕೂರಿಸಿ, ಮೇಡಂ ಅವರನ್ನು ಕರೆತರಲು ಹೋದೆ.

ನಾವಿಬ್ಬರೂ ಬರುವಷ್ಟರಲ್ಲಿ ಗೂಡು ಫಳಫಳ ಹೊಳೆಯುತ್ತಿತ್ತು. ಅತ್ತೆ ಇಲಿಗಳನ್ನು ಬಕೆಟ್ಟಿಗೆ ಸುರಿದು, ಗೂಡನ್ನು ಸೋಪಿನಲ್ಲಿ ತಿಕ್ಕಿ, ಹೊಸ ಹೊಟ್ಟು ಹರಡಿ ಮತ್ತೆ ಒಳಗೆ ಬಿಟ್ಟಿದ್ದರು. ನನ್ನ ಅಣ್ಣತಮ್ಮಂದಿರು ಉರುಳಾಡಿ ಕಚ್ಚಾಡುತ್ತಿದ್ದರು. ಹೊಲದಿಲಿ ಜಾಲರಿಗೆ ಮೂತಿಯಿಟ್ಟು ಪುಕ್ಕಟೆ ತಮಾಷೆ ನೋಡುತ್ತಿತ್ತು.

"ಇವೇನಾ ನಿನ್ನ ಒಗ್ಗಟ್ಟಿನ ಇಲಿಗಳು?" ಎಂದರು ಮೇಡಂ.

"ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೀತಾ ದಾಯಾದಿಗಳು. ಇದರಲ್ಲಿ ಹೊಸದೇನಿದೆ?" ಎಂದರು ಅತ್ತೆ.

ಮಾನ ಮರ್ಯಾದೆ ಬಿಟ್ಟು ಕಸದ ಬುಟ್ಟಿಗೆ ಕೈ ಹಾಕಿದೆ. ಇಲಿಗಳು ಹಾಸಿ ಮಲಗುತ್ತಿದ್ದ ಹಳೇ ಹತ್ತಿಯುಂಡೆ ಸಿಕ್ಕಿತು. "ಇವಕ್ಕೆ ವಾಸನೆಯೇ ಗುರುತು ಮೇಡಂ. ಅತ್ತೆ ಅದನ್ನೇ ತೊಳೆದುಬಿಟ್ಟಿದ್ದಾರೆ," ಎಂದು ಉಂಡೆಯನ್ನು ಗೂಡಿಗೆ ಹಾಕಿದೆ.

ಮೂವರೂ ಗೂಡಿನ ಮೇಲೆ ಬಗ್ಗಿ ನೋಡಿದೆವು. ಒಂದು ಇಲಿ ಮೂಸಿತು, ಇನ್ನೊಂದು ಒಳಗೆ ನುಸುಳಿತು. ಸ್ವಲ್ಪ ಹೊತ್ತಿಗೆ ನಾಲ್ಕೂ ಒಂದರ ಮೇಲೊಂದು ಬಿದ್ದುಕೊಂಡು ನಿದ್ದೆ ಹೋದವು.

ಮೇಡಂ ಮುಖ ಅರಳಿತು. "ಇದು ಚೆನ್ನಾಗಿದೆ! ಇನ್ನೊಂದು ವರ್ಷ ಮಾಡು. ಆದ್ರೆ ಪ್ರತಿ ವಾರ ಹೀಗೇ ತೊಳೆದು ನೋಡ್ಬೇಕು, ಇದೇ ಕೈಯಲ್ಲಿ. ಅಮ್ಮಾ, ನೀವು ಬರ್ತೀರಾ?"

"ವಾರಕ್ಕೊಂದ್ಸಲ ಎಲ್ಲಿ ಸಾಕಾಗುತ್ತೆ? ಈ ಗಲೀಜಿಗೆ ದಿನಾ ಬರ್ತೀನಿ," ಎಂದರು ಅತ್ತೆ.

ನನಗೆ ಅಳುವೇ ಬಂತು. ಅತ್ತೆ ಅದನ್ನು ಆನಂದಬಾಷ್ಪ ಎಂದುಕೊಂಡು, ಗೂಡು ಒರೆಸಿದ ಬಟ್ಟೆಯಲ್ಲೇ ನನ್ನ ಕಣ್ಣೊರೆಸಿದರು.