ನುಕುಲೇವು ಕಂಡಿಯ ನೀರು

೧೯೭೬ನೇ ಇಸವಿ ಆಗಸ್ಟ್ ಆರು, ಶುಕ್ರವಾರ, ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ. ಉನೈಸಿ ಅದೇ ಮಾತನ್ನು ನಾಲ್ಕನೆಯ ಸಲ ಹೇಳಿದಳು.

"ಪೆನಾಯಾ, ಸರಿಯಾಗಿ ಕೇಳಿಸ್ಕೋ. ಮಂಗಳವಾರ ಹುಣ್ಣಿಮೆ. ಅವತ್ತು ನಡುಮಧ್ಯಾಹ್ನಕ್ಕೆ ನೀರು ಪೂರ್ತಿ ಇಳಿದಿರುತ್ತೆ. ನುಕುಲೇವು ಕಂಡಿಲಿ ಆಗ ಇರೋದು ಒಂದು ಮೀಟರ್ ಎಪ್ಪತ್ತು ಸೆಂಟಿಮೀಟರ್, ಅಷ್ಟೇ. ಹೋದ ವರ್ಷ ನಾನೇ ಅಳೆದಿದ್ದೀನಿ. ಈ ದೋಣಿಗೆ ಅಷ್ಟು ಸಾಲಲ್ಲ. ಇದನ್ನ ಹೀಗೇ ಹೇಳು, ನಿಂದೇನೂ ಸೇರಿಸ್ಬೇಡ."

ಚಾಪೆಯ ನಡುವೆ ಕೂತಿದ್ದ ಪೆನಾಯಾ ನಿಧಾನವಾಗಿ ಆ ಕಡೆ ತಿರುಗಿದ. "ಭಾವ, ನಿನ್ನ ದೋಣಿಗೂ ನಿನ್ನ ಹಾಗೇ ಹೊಟ್ಟೆ ಬಂದಿದೆಯಂತೆ."

ದೋಣಿಮನೆಯ ಆ ಕೊನೆಯ ಕಂಬಕ್ಕೆ ಒರಗಿ, ಕಡಲಿಗೆ ಮುಖ ಮಾಡಿ ಹಾಯಿ ಹೊಲಿಯುತ್ತಿದ್ದ ಸಿಕೇಲಿ ತಲೆ ಎತ್ತಲಿಲ್ಲ. ಐದು ಮಾರು ದೂರವೂ ಇರಲಿಲ್ಲ. ತಂಗಿಯ ಮಾತು ಅವನಿಗೆ ಮೊದಲ ಸಲವೇ ಕೇಳಿಸಿತ್ತು. ಆದರೆ ಪೆನಾಯಾ ತಂದುಕೊಟ್ಟ ಮಾತಿಗಷ್ಟೇ ಅವನು ಉತ್ತರ ಕೊಡಬಹುದಿತ್ತು.

ಉನೈಸಿಗೆ ಹನ್ನೊಂದು ತುಂಬಿದಾಗಿನಿಂದ, ಅಂದರೆ ಹದಿನೈದು ವರ್ಷಗಳಿಂದ, ಅಣ್ಣತಂಗಿ ಒಬ್ಬರಿಗೊಬ್ಬರು ನೇರವಾಗಿ ಮಾತಾಡಿರಲಿಲ್ಲ. ಮನಸ್ತಾಪವೇನೂ ಇರಲಿಲ್ಲ, ಬೆಳೆದ ಒಡಹುಟ್ಟಿದವರು ಪರಸ್ಪರ ಇಟ್ಟುಕೊಳ್ಳುವ ಮರ್ಯಾದೆ ಅದು. ಅವಳು ದೂರದ ರಾಜಧಾನಿ ಸೂವಾದಲ್ಲಿ ಕಡಲಶಾಸ್ತ್ರ ಓದುತ್ತಿದ್ದಷ್ಟು ಕಾಲವೂ ಪ್ರತಿ ಹಡಗಿನಲ್ಲಿ ಅವಳ ಹೆಸರಿಗೆ ಒಣಮೀನಿನ ಬುಟ್ಟಿ ಬರುತ್ತಿತ್ತು. ಒಳಗೆ ಚೀಟಿ ಇರುತ್ತಿರಲಿಲ್ಲ. ಅತ್ತೆಯ ಮಗ ಪೆನಾಯಾನ ಮರ್ಯಾದೆಯೇ ಬೇರೆ. ಅವನು ಇಬ್ಬರನ್ನೂ ಎಷ್ಟು ಬೇಕಾದರೂ ರೇಗಿಸಬಹುದು, ರೇಗಿಸಲೇಬೇಕು. ಹಾಗಾಗಿ ಮೂರು ದಿನಗಳಿಂದ ಈ ಪ್ರಯಾಣದ ಪ್ರತಿ ಲೆಕ್ಕಾಚಾರವೂ ಅವನ ಬಾಯಿಂದಲೇ ಹಾದುಹೋಗುತ್ತಿತ್ತು.

ಮಿಕ್ಕದ್ದೆಲ್ಲ ತೀರ್ಮಾನವಾಗಿತ್ತು. ನುಕುಲೇವುವಿನಲ್ಲಿ ತೀರಿಕೊಂಡ ಸೋದರಮಾವನ ನೂರನೆಯ ರಾತ್ರಿಯ ಕ್ರಿಯೆ ಬುಧವಾರ. ಭಾನುವಾರ ಪ್ರಾರ್ಥನೆಯ ದಿನ, ಯಾರೂ ದೋಣಿಯ ಹಗ್ಗ ಬಿಚ್ಚುವಂತಿಲ್ಲ. ಸೋಮವಾರ ಸಂಜೆ ಹೊರಟು, ಜನರಿಲ್ಲದ ಎರಡು ದ್ವೀಪಗಳನ್ನು ಎಡಕ್ಕೆ ಬಿಟ್ಟು ಸಾಗಿದರೆ ಮಂಗಳವಾರ ನುಕುಲೇವು. ದ್ವೀಪವನ್ನು ಸುತ್ತುವರಿದ ಹವಳದ ಗೋಡೆಯಲ್ಲಿ ಒಳಹೋಗಲು ಇರುವುದು ಅದೊಂದೇ ಕಂಡಿ, ಅದರ ನಡುವೆ ಒಂದು ಕಲ್ಲಿನ ದಿಬ್ಬ. ಇಳಿದ ನೀರಿನಲ್ಲಿ ದೋಣಿ ಅದರ ಮೇಲೆ ಕೂತರೆ ಹಿಂದಿನಿಂದ ಬರುವ ಹೊರಗಡಲಿನ ಅಲೆ ಅದನ್ನು ಒಡೆದುಹಾಕುತ್ತದೆ. ಎಂಟು ಜನ ಹೋಗುವವರು. ಅವರಲ್ಲಿ ಇಬ್ಬರು ಸಿಕೇಲಿಯ ಪುಟ್ಟ ಹೆಣ್ಣುಮಕ್ಕಳು.

"ಅವಳಿಗೆ ಹೇಳು ಪೆನಾಯಾ," ಸಿಕೇಲಿ ದಾರ ಎಳೆಯುತ್ತ ಅಂದ. "ಈ ದೋಣಿಗೆ ಐದಡಿ ಎರಡಿಂಚು ನೀರು ಸಾಕು ಅಂತ ಕಟ್ಟಿದ ಅಜ್ಜನೇ ಹೇಳಿದ್ದ. ಅವನು ಆ ಕಂಡಿ ದಾಟಿದ್ದೆಲ್ಲ ಸೂರ್ಯ ನೆತ್ತಿ ಮೇಲಿದ್ದಾಗಲೇ. ಕಲ್ಲು ಕಾಣ್ದೆ ಒಳಗೆ ನುಗ್ಗೋಕಾಗುತ್ತಾ?"

"ಕಣ್ಣು ಬಿಟ್ಕೊಂಡು ಹೋದ್ರೆ ಸಾಕಂತೆ ಕಣೇ, ಮೇಷ್ಟ್ರಮ್ಮ."

"ಅಯ್ಯೋ ದೇವರೇ!" ಉನೈಸಿ ನಕಾಶೆಯ ಮೇಲೆ ಅಂಗೈ ಬಡಿದಳು. "ಅಜ್ಜ ಹೋಗ್ತಿದ್ದದ್ದು ಅರ್ಧಚಂದ್ರ ಇದ್ದಾಗ! ಆಗ ಮಧ್ಯಾಹ್ನಕ್ಕೆ ನೀರು ಏರಿರುತ್ತೆ. ಈ ಸಲ ದಿನ ಆರಿಸಿದ್ದು ನಾವಲ್ಲ. ಮತ್ತೆ ಅಜ್ಜ ಹೇಳಿದ ಐದಡಿ ಎರಡಿಂಚು, ಅಂದ್ರೆ ಒಂದು ಮೀಟರ್ ಐವತ್ತೇಳು, ಖಾಲಿ ದೋಣಿ ಲೆಕ್ಕ. ಈಗ ನೋಡು, ಊರೆಲ್ಲ ಕಾಣಿಕೆ ತಂದು ತುಂಬಿದೆ, ಅತ್ತೆಯ ಎರಡು ಮರದ ಬೋಗುಣಿಗೇ ನಾಲ್ಕು ಜನ ಹೆಗಲು ಕೊಟ್ರು. ದೋಣಿಯ ಅಡಿಮರ ಒಂದು ಎಪ್ಪತ್ತಕ್ಕಿಂತ ಕೆಳಗೆ ಇಳಿದಿರುತ್ತೆ. ನಾಲ್ಕು ಗಂಟೆವರೆಗೂ ಹೊರಗೆ ಕಾದ್ರೆ ನೀರೂ ಏರುತ್ತೆ, ಸೂರ್ಯನೂ ಬೆನ್ನ ಹಿಂದೆ ಇರ್ತಾನೆ, ಕಲ್ಲೂ ಕಾಣುತ್ತೆ. ಹೇಳು!"

ಪೆನಾಯಾ ಆಕಳಿಸಿದ. "ಭಾವ, ಅಜ್ಜನಿಗೆ ಏನೂ ಗೊತ್ತಿರ್ಲಿಲ್ವಂತೆ."

ಸಿಕೇಲಿಯ ಸೂಜಿ ನಿಂತಿತು. ಉನೈಸಿಯ ಪೆನ್ಸಿಲ್ ಪೆನಾಯಾನ ಕಿವಿಗೆ ತಾಗಿ ಮರಳಿಗೆ ಬಿತ್ತು.

"ನೋಡಿದ್ಯಾ ಭಾವ? ಇಷ್ಟು ಓದ್ಸಿದ್ದು ಇದಕ್ಕೇನಾ?"

ಆಗ ಅಡುಗೆಮನೆಯ ಕಡೆಯಿಂದ ಅತ್ತೆಯ ಕೂಗು. "ಪೆನಾಯಾ! ಹಂದಿ ಕಿತ್ಕೊಂಡು ಓಡ್ತಿದೆ, ಬಾರೋ! ನೂರನೇ ರಾತ್ರಿಗೆ ನಿನ್ನೇ ಸುಡ್ಬೇಕಾಗುತ್ತೆ!" ಪೆನಾಯಾ ಎದ್ದು ಓಡಿದ.

ಅಣ್ಣತಂಗಿ ಇಬ್ಬರೇ ಉಳಿದರು. ಉನೈಸಿ ಎದ್ದುಹೋಗುವುದು ರೂಢಿ. ಅವಳು ಎದ್ದಳು. ಕಂಬಕ್ಕೆ ಒರಗಿಸಿದ್ದ ತನ್ನ ಅಳತೆಯ ಕೋಲನ್ನು ತೆಗೆದುಕೊಂಡು, ಅಣ್ಣನ ಬೆನ್ನ ಹಿಂದೆ ಬಾಗಿ ದಾಟಿ, ನೀರಿಗಿಳಿದಳು. ಚಿಕ್ಕ ಹುಟ್ಟುದೋಣಿ ಹತ್ತಿ ಲಂಗರು ಹಾಕಿದ್ದ ದೊಡ್ಡ ದೋಣಿಯ ಹಿಂಭಾಗಕ್ಕೆ ಹುಟ್ಟು ಹಾಕಿದಳು. ಕೋಲನ್ನು ನೇರವಾಗಿ ಇಳಿಬಿಟ್ಟಳು. ಅದರ ಬುಡ ದೋಣಿಯ ಅಡಿಮರಕ್ಕೆ ಸರಿಸಮವಾಗಿ ನಿಂತಿದೆಯೋ ಇಲ್ಲವೋ ಮೇಲೆ ಕೂತವರಿಗೆ ತಿಳಿಯುವುದಿಲ್ಲ. ಅದು ಅವಳಿಗೆ ಗೊತ್ತಿತ್ತು. ದಡದ ಕಡೆ ನೋಡದೆ ಕೋಲು ಹಿಡಿದು ಕೂತಳು.

ಬಹಳ ಹೊತ್ತಾದ ಮೇಲೆ ದೋಣಿಯ ಆ ಮಗ್ಗುಲಲ್ಲಿ ಯಾರೋ ಈಜಿಬಂದ ಸದ್ದಾಯಿತು, ಮುಳುಗಿದ ಸದ್ದಾಯಿತು. ಅವಳ ಕೈಯಲ್ಲಿದ್ದ ಕೋಲು ಗೇಣುದ್ದ ಮೇಲೆದ್ದು, ಸ್ವಲ್ಪ ಇಳಿದು, ನಿಂತಿತು. ಕೆಳಗಿನಿಂದ ಎರಡು ಸಲ ಟಕ್ ಟಕ್ ಎಂದಿತು.

ಅವಳು ಬಾಗಿ ಕಣ್ಣನ್ನು ನೀರಿನ ಮಟ್ಟಕ್ಕೆ ತಂದಳು. ಮೂರು ಕಿರುಅಲೆಗಳು ಹಾದುಹೋಗಲು ಬಿಟ್ಟು ಓದಿದಳು. ಇನ್ನೊಮ್ಮೆ ಓದಿದಳು.

ಸಿಕೇಲಿ ಮೇಲೆ ಬಂದ. ಚಿಕ್ಕ ದೋಣಿಯ ಪಕ್ಕಕ್ಕೆ ಕಟ್ಟಿದ ತೇಲುಮರವನ್ನು ಹಿಡಿದು, ಅವಳಿಗೆ ಬೆನ್ನು ಮಾಡಿ, ದೂರದ ಹವಳದ ಗೋಡೆ ನೋಡುತ್ತ ಉಸಿರು ತೆಗೆದುಕೊಂಡ. ಉಸಿರು ಹದಕ್ಕೆ ಬಂದ ಮೇಲೂ ಅವನು ಕೈ ಬಿಡಲಿಲ್ಲ. ಉನೈಸಿ ದಡ ನೋಡಿದಳು. ಅಲ್ಲಿ ಪೆನಾಯಾ ಹಂದಿಯ ಮೇಲೆ ಬೋರಲು ಬಿದ್ದಿದ್ದ, ಅತ್ತೆ ಪಕ್ಕದಲ್ಲಿ ನಿಂತು ಬೈಯುತ್ತಿದ್ದಳು. ಅಣ್ಣನ ಕತ್ತಿನ ಮೇಲೆ ಒಂದೆರಡು ನರೆಗೂದಲು ಒದ್ದೆಯಾಗಿ ಅಂಟಿದ್ದವು. ಇಷ್ಟು ಹತ್ತಿರದಿಂದ ಅವಳು ಅವನ್ನು ಕಂಡಿರಲಿಲ್ಲ.

"ಒಂದು ಮೀಟರ್ ಎಪ್ಪತ್ತಾರು ಸೆಂಟಿಮೀಟರ್," ಅಂದಳು.